ಸರಿಯಾದ ತೂಕ, ಸರಿಯಾದ ಅಳತೆ

(ಶತಮಾನೋತ್ಸವದ ಅಂಗವಾಗಿ ದೇವಾಲಯದ ಆವರಣದಲ್ಲಿ ಏರ್ಪಡಿಸಿದ್ದ ಸಾರ್ವಜನಿಕ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪಾಠ)



ನೂರು ವರ್ಷ ತುಂಬಿದ ದೇವಾಲಯವೊಂದರ ಉತ್ಸವದಲ್ಲಿ ಅದರ ಇತಿಹಾಸವನ್ನು ಕುರಿತು ಮಾತನಾಡುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಸಮರ್ಥರಾದ ಹಿರಿಯರು ಈಗಾಗಲೇ ನೆರವೇರಿಸಿದ್ದಾರೆ. ಆದ್ದರಿಂದ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಭಾನುವಾರ ಈ ಬಾಗಿಲಿನಿಂದ ಹೊರಗೆ ಹೋದ ಮನುಷ್ಯನು ಸೋಮವಾರ ಬೆಳಿಗ್ಗೆ ತನ್ನ ಅಂಗಡಿಯಲ್ಲಿ, ಹೊಲದಲ್ಲಿ, ಕಛೇರಿಯಲ್ಲಿ, ಶಾಲೆಯಲ್ಲಿ ಹೇಗೆ ನಡೆದುಕೊಳ್ಳುತ್ತಾನೆ ಎಂಬುದೇ ಆ ವಿಷಯ. ದೇವಾಲಯದ ಬೆಲೆಯನ್ನು ಅದರ ಗೋಪುರದ ಎತ್ತರದಿಂದ ಅಳೆಯಲಾಗದು. ಅದರೊಳಗೆ ಮೊಣಕಾಲೂರಿದವರ ಸೋಮವಾರದಿಂದ ಅಳೆಯಬೇಕು.

ಪ್ರಾಮಾಣಿಕತೆ ಎಂದೊಡನೆ ನಮ್ಮ ಕಣ್ಣಮುಂದೆ ದೊಡ್ಡ ದೊಡ್ಡ ಚಿತ್ರಗಳು ಬರುತ್ತವೆ. ರಾಜ್ಯವನ್ನೇ ಕಳೆದುಕೊಂಡ ಹರಿಶ್ಚಂದ್ರ, ಹುಲಿಗೆ ಕೊಟ್ಟ ಮಾತಿಗಾಗಿ ಕರುವನ್ನು ಬಿಟ್ಟು ಮರಳಿ ಬಂದ ಪುಣ್ಯಕೋಟಿ, ಇವರ ಕಥೆಗಳನ್ನು ಕೇಳಿ ನಾವೆಲ್ಲರೂ ಕಣ್ಣೀರು ಹಾಕಿದವರೇ. ಆದರೆ ನಮ್ಮಲ್ಲಿ ಯಾರಿಗೂ ರಾಜ್ಯವಿಲ್ಲ. ನಮ್ಮನ್ನು ತಡೆದು ನಿಲ್ಲಿಸುವ ಹುಲಿಯೂ ಇಲ್ಲ. ನಮ್ಮ ಮುಂದಿರುವುದು ಒಂದು ತಕ್ಕಡಿ, ಒಂದು ಹಾಜರಿ ಪುಸ್ತಕ, ಒಂದು ರಸೀದಿ, ಕೂಲಿಯವನ ಕೈಗೆ ಎಣಿಸಿ ಕೊಡಬೇಕಾದ ನಾಲ್ಕು ನೋಟುಗಳು. ನಮ್ಮ ಪರೀಕ್ಷೆ ನಡೆಯುವುದು ಇಲ್ಲಿಯೇ.

ಪವಿತ್ರ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಯಾಜಕಕಾಂಡವೆಂಬ ಗ್ರಂಥವಿದೆ. ಅದರ 19ನೆಯ ಅಧ್ಯಾಯವನ್ನು ಮನೆಗೆ ಹೋಗಿ ಒಮ್ಮೆ ಓದಿರಿ ಎಂದು ನಿಮ್ಮಲ್ಲಿ ಬಿನ್ನವಿಸುತ್ತೇನೆ. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಲೋಕಪ್ರಸಿದ್ಧವಾದ ಆಜ್ಞೆ ಇರುವುದು ಆ ಅಧ್ಯಾಯದಲ್ಲಿ. ಆದರೆ ಅದು ಅಲ್ಲಿ ಒಂಟಿಯಾಗಿಲ್ಲ. ಅದಕ್ಕೆ ಕೆಲವೇ ಸಾಲುಗಳ ಮುಂಚೆ, ಕೂಲಿಯವನ ಕೂಲಿಯನ್ನು ಬೆಳಗಾಗುವವರೆಗೆ ನಿನ್ನ ಬಳಿ ಇಟ್ಟುಕೊಳ್ಳಬಾರದು ಎಂಬ ವಿಧಿಯಿದೆ. ಅಧ್ಯಾಯ ಮುಗಿಯುವ ಹೊತ್ತಿಗೆ, ತೂಕದ ಕಲ್ಲು, ತಕ್ಕಡಿ, ದವಸ ಅಳೆಯುವ ಪಾತ್ರೆ, ದ್ರವ ಅಳೆಯುವ ಪಾತ್ರೆ ಎಲ್ಲವೂ ನ್ಯಾಯವಾಗಿರಬೇಕೆಂಬ ವಿಧಿಯಿದೆ. ನೆರೆಯವನನ್ನು ಪ್ರೀತಿಸುವುದೆಂದರೆ ಏನೆಂದು ಕೇಳಿದವನಿಗೆ ಧರ್ಮಶಾಸ್ತ್ರವು ಕೊಡುವ ಉತ್ತರ ಇದು: ಸಂಜೆಗೆ ಕೂಲಿ ಕೊಡು, ಸರಿಯಾಗಿ ತೂಗು. ಪ್ರೀತಿಯು ಮನಸ್ಸಿನ ಭಾವನೆಯಾಗಿ ಉಳಿಯಬಾರದು, ಕೈಯ ಕೆಲಸವಾಗಬೇಕು ಎಂಬುದು ಇದರ ತಾತ್ಪರ್ಯ.

ಪ್ರವಾದಿ ಆಮೋಸನ ಕಾಲದ ವರ್ತಕರ ವಿಚಾರವನ್ನೂ ಇಲ್ಲಿ ನೆನೆಯಬಹುದು. ಅವರು ಹಬ್ಬದ ದಿನ ಅಂಗಡಿ ಮುಚ್ಚುತ್ತಿದ್ದರು. ಆದರೆ ಹಬ್ಬ ಯಾವಾಗ ಮುಗಿದೀತು, ಅಳತೆಯನ್ನು ಕಿರಿದುಮಾಡಿ ಬೆಲೆಯನ್ನು ಹಿರಿದುಮಾಡಿ ಗೋಧಿಯನ್ನು ಯಾವಾಗ ಮಾರೇವು ಎಂದು ಒಳಗೊಳಗೇ ಕಾಯುತ್ತಿದ್ದರು. ಪ್ರವಾದಿಯು ಕೋಪಗೊಂಡದ್ದು ಅಂಥವರ ಮೇಲೆ. ಪೂಜೆಯಲ್ಲಿ ಕುಳಿತಿರುವಾಗ ನಮ್ಮ ಮನಸ್ಸು ಯಾವ ಲೆಕ್ಕವನ್ನು ಹಾಕುತ್ತಿರುತ್ತದೆ ಎಂಬುದನ್ನು ನಾವೇ ಪರೀಕ್ಷಿಸಿಕೊಳ್ಳೋಣ.

ಇದು ಕೇವಲ ನಮ್ಮ ಧರ್ಮಗ್ರಂಥದ ಮಾತಲ್ಲ, ಈ ಮಣ್ಣಿನ ಮಾತೂ ಹೌದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿದ್ದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ವೃತ್ತಾಂತ ನಿಮಗೆಲ್ಲ ಪರಿಚಿತವಾದುದೇ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರ ಕಡೆಯಿಂದ ಬಂದವರು ಅವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ನೋಡಿ ಹಿಗ್ಗಲಿಲ್ಲ. ಇಷ್ಟೇಕೆ ತಂದಿರಿ, ನಮಗೆ ಬೇಕಾದುದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಮರಳಿ ಕಳುಹಿಸಿದಳು. ಗಮನಿಸಿರಿ, ಆ ಅಕ್ಕಿ ಕದ್ದದ್ದಲ್ಲ. ನೆಲದ ಮೇಲೆ ಚೆಲ್ಲಿದ್ದು. ಕೇಳುವವರು ಯಾರೂ ಇರಲಿಲ್ಲ. ಆದರೂ ತನ್ನ ಅಗತ್ಯಕ್ಕೆ ಮೀರಿದ್ದು ತನ್ನದಲ್ಲವೆಂದು ಆ ಬಡ ಹೆಂಗಸು ತೀರ್ಮಾನಿಸಿದಳು. ಇಂದು ಗಂಡನು ಸಂಬಳಕ್ಕಿಂತ ಹೆಚ್ಚಿನ ಹಣವನ್ನು ಮನೆಗೆ ತಂದಾಗ ಅದು ಎಲ್ಲಿಂದ ಬಂತೆಂದು ಕೇಳುವ ಲಕ್ಕಮ್ಮಂದಿರು ಎಷ್ಟು ಮನೆಗಳಲ್ಲಿದ್ದಾರೆ? ಹೆಂಡತಿಯ ಗಳಿಕೆಯನ್ನು ಹಾಗೆಯೇ ಪ್ರಶ್ನಿಸುವ ಮಾರಯ್ಯಂದಿರು ಎಷ್ಟು ಮಂದಿ ಇದ್ದಾರೆ?

ಹಿರಿಯರಿಗೆ ನೆನಪಿರಬಹುದು. ನಮ್ಮಲ್ಲಿ ಹಿಂದೆ ಸೇರು, ಪಾವು, ಬಳ್ಳ, ಕೊಳಗ, ಖಂಡುಗ, ಮಣ ಎಂದು ಅಳೆಯುತ್ತಿದ್ದರು. ಒಂದು ಸೀಮೆಯ ಸೇರು ಮತ್ತೊಂದು ಸೀಮೆಯ ಸೇರಿಗೆ ಸಮನಾಗಿರುತ್ತಿರಲಿಲ್ಲ. ಕೊಳ್ಳುವಾಗ ದೊಡ್ಡ ಸೇರು, ಮಾರುವಾಗ ಚಿಕ್ಕ ಸೇರು ಎಂಬ ಆಪಾದನೆಗೆ ಅದರಿಂದ ಎಡೆಯಾಗುತ್ತಿತ್ತು. 1956ರಲ್ಲಿ ಭಾರತ ಸರ್ಕಾರವು ತೂಕ ಮತ್ತು ಅಳತೆಗಳ ಬಗ್ಗೆ ಶಾಸನ ಮಾಡಿತು. 1957ರ ಏಪ್ರಿಲ್ ಒಂದರಂದು ನಯಾಪೈಸೆ ಬಂತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಗ್ರಾಂ, ಕಿಲೋಗ್ರಾಂಗಳು ಬಂದವು. ಇಂದು ಕಾನೂನು ಮಾಪನಶಾಸ್ತ್ರ ಎಂಬ ಹೆಸರಿನ 2009ರ ಅಧಿನಿಯಮ ಜಾರಿಯಲ್ಲಿದೆ. ಅಂಗಡಿಯ ಪ್ರತಿಯೊಂದು ಬಟ್ಟನ್ನೂ ತಕ್ಕಡಿಯನ್ನೂ ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಒತ್ತಿಸಬೇಕು. ಪೆಟ್ರೋಲ್ ಬಂಕಿನಲ್ಲಿ ಗಿರಾಕಿಯು ಕೇಳಿದರೆ ಅಳೆದು ತೋರಿಸಲು ಐದು ಲೀಟರಿನ, ಮುದ್ರೆಯೊತ್ತಿದ ಪಾತ್ರೆ ಇರಬೇಕು. ಹೀಗೆ ಕಾನೂನು ತನ್ನ ಕೆಲಸವನ್ನು ಮಾಡಿದೆ. ಆದರೆ ಕಾನೂನು ಬಟ್ಟಿಗೆ ಮುದ್ರೆ ಒತ್ತಬಲ್ಲುದೇ ಹೊರತು ತೂಗುವ ಕೈಗೆ ಒತ್ತಲಾರದು. ಸಿಹಿತಿಂಡಿಯನ್ನು ರಟ್ಟಿನ ಡಬ್ಬದ ಸಮೇತ ತೂಗಿದರೆ ರಟ್ಟು ಕೂಡ ಮಿಠಾಯಿಯ ಬೆಲೆಗೆ ಮಾರಾಟವಾಗುತ್ತದೆ. ತಕ್ಕಡಿ ಸರಿಯಾಗಿಯೇ ಇದೆ, ತೂಗಿದವನು ಸರಿಯಿಲ್ಲ.

“ಇಪ್ಪತ್ತು ಗ್ರಾಮಿನಲ್ಲಿ ಏನು ಹೋಯಿತು?” ಎಂದು ಕೆಲವರು ಕೇಳುತ್ತಾರೆ. ಲೆಕ್ಕ ಹಾಕೋಣ. ಒಬ್ಬ ವರ್ತಕನು ದಿನಕ್ಕೆ 100 ಕಿಲೋ ಅಕ್ಕಿಯನ್ನು ಮಾರುತ್ತಾನೆ, ಕಿಲೋವೊಂದಕ್ಕೆ 20 ಗ್ರಾಂ ಕಡಿಮೆ ತೂಗುತ್ತಾನೆ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡು ಕಿಲೋ. ವರ್ಷಕ್ಕೆ 300 ದಿನ ಅಂಗಡಿ ತೆರೆದರೆ 600 ಕಿಲೋ, ಅಂದರೆ 50 ಕಿಲೋ ತೂಕದ 12 ಚೀಲ. ಒಂದು ರಾತ್ರಿ ಗೋದಾಮಿನ ಬೀಗ ಮುರಿದು 12 ಚೀಲ ಅಕ್ಕಿಯನ್ನು ಹೊತ್ತವನನ್ನು ನಾವು ಕಳ್ಳನೆಂದು ಹಿಡಿದು ಕಟ್ಟಿಹಾಕುತ್ತೇವೆ. ಅದೇ 12 ಚೀಲವನ್ನು ನೂರಾರು ಬಡವರ ಚೀಲದಿಂದ ಹಿಡಿಹಿಡಿಯಾಗಿ ತೆಗೆದವನನ್ನು ಸಾಹುಕಾರನೆಂದು ಕರೆದು ಮೊದಲನೆಯ ಸಾಲಿನಲ್ಲಿ ಕೂರಿಸುತ್ತೇವೆ.

ವರ್ತಕರನ್ನು ಮಾತ್ರ ದೂರುವುದು ನ್ಯಾಯವಲ್ಲ. ಕಛೇರಿಗೆ ದಿನವೂ ಅರ್ಧ ಗಂಟೆ ತಡವಾಗಿ ಹೋಗುವ ನೌಕರನು ವರ್ಷದ 280 ಕೆಲಸದ ದಿನಗಳಲ್ಲಿ 140 ಗಂಟೆಗಳನ್ನು ಉಳಿಸಿಕೊಳ್ಳುತ್ತಾನೆ. ದಿನಕ್ಕೆ ಏಳು ಗಂಟೆಯ ದುಡಿಮೆಯೆಂದರೆ ಅದು 20 ದಿನಗಳ ಸಂಬಳ. ಕಾಲವೂ ಒಂದು ತೂಕವೇ. ತರಗತಿಯಲ್ಲಿ ಅರ್ಧ ಪಾಠ ಹೇಳಿ ಉಳಿದರ್ಧವನ್ನು ಮನೆಪಾಠಕ್ಕೆ ಮೀಸಲಿಡುವ ಶಿಕ್ಷಕ, ಸರದಿಯಲ್ಲಿ ನಿಂತ ರೋಗಿಯ ಮುಖವನ್ನೂ ನೋಡದೆ ಚೀಟಿ ಬರೆಯುವ ವೈದ್ಯ, ರೈತನು ತಂದ ಮಾಲಿಗೆ ಚೀಲದ ಲೆಕ್ಕ, ತೇವದ ಲೆಕ್ಕ ಎಂದು ಮುರಿದುಕೊಳ್ಳುವ ದಲ್ಲಾಳಿ, ಡೈರಿಗೆ ಹಾಕುವ ಹಾಲಿಗೆ ಒಂದು ಚೊಂಬು ನೀರು ಬೆರೆಸುವ ರೈತ, ಇವರೆಲ್ಲರ ಕೈಯಲ್ಲಿಯೂ ಒಂದೊಂದು ತಕ್ಕಡಿ ಇದೆ. ಮೋಸಕ್ಕೆ ಜಾತಿಯಿಲ್ಲ, ಮತವಿಲ್ಲ, ಬಡತನ ಸಿರಿತನವೆಂಬ ಭೇದವೂ ಇಲ್ಲ.

ಆ ಹಾಲಿನ ಮಾತನ್ನು ಸ್ವಲ್ಪ ಮುಂದುವರಿಸುತ್ತೇನೆ. ಗುಜರಾತಿನ ಆನಂದದಲ್ಲಿ 1946ರಲ್ಲಿ ಆರಂಭವಾದ ಸಹಕಾರ ಪದ್ಧತಿಯು 1970ರ ದಶಕದಲ್ಲಿ ನಮ್ಮ ರಾಜ್ಯದ ಹಳ್ಳಿಗಳಿಗೂ ಬಂತು. ಸಂಘದಲ್ಲಿ ಪ್ರತಿಯೊಬ್ಬರ ಹಾಲನ್ನೂ ಅಳೆದು, ಜಿಡ್ಡಿನ ಅಂಶವನ್ನೂ ಇತರ ಘನಾಂಶವನ್ನೂ ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಹಣ ಕೊಡುತ್ತಾರೆ. ಒಂದೇ ಹಸು ಕಟ್ಟಿದ ವಿಧವೆಗೂ ಹತ್ತು ಹಸು ಕಟ್ಟಿದ ಜಮೀನ್ದಾರನಿಗೂ ಅಳತೆ ಒಂದೇ, ಪರೀಕ್ಷೆ ಒಂದೇ. ಆ ಅಳತೆಯ ಮೇಲೆ ಜನರಿಗೆ ನಂಬಿಕೆ ಇದ್ದುದರಿಂದಲೇ ಲಕ್ಷಾಂತರ ಹೆಣ್ಣುಮಕ್ಕಳು ಬೆಳಗಿನ ಜಾವ ಹಾಲಿನ ಕ್ಯಾನು ಹಿಡಿದು ಸರದಿಯಲ್ಲಿ ನಿಂತರು. ಪ್ರಾಮಾಣಿಕತೆಯು ಸಂತರಿಗೆ ಮಾತ್ರ ಸಲ್ಲುವ ಒಡವೆಯೆಂದು ತಿಳಿಯಬೇಡಿ; ಬಡವನಿಗೆ ಇರುವ ಏಕೈಕ ಬಂಡವಾಳ ಅದು. ಅಳತೆ ಕೆಟ್ಟ ಊರಿನಲ್ಲಿ ಬಲಿಷ್ಠನು ಹೇಗಾದರೂ ಬದುಕಿಕೊಳ್ಳುತ್ತಾನೆ. ಮೊದಲು ಸಾಯುವವನು ಬಡವನು.

ಇನ್ನು ದುಡಿಮೆಯ ವಿಚಾರ. ಈ ದೇವಾಲಯದ ದುರಸ್ತಿ ಕೆಲಸ ನಡೆಯುತ್ತಿದ್ದಾಗ ಹಿರಿಯ ಗಾರೆಯವರೊಬ್ಬರು ಹಿಂಭಾಗದ ಗೋಡೆಗೆ ಹೊತ್ತುಹೊತ್ತಿಗೆ ಸರಿಯಾಗಿ ನೀರು ಹಾಕಿಸುತ್ತಿದ್ದರು. ಆ ಮೂಲೆಗೆ ಯಾರೂ ಕಾಲಿಡುವುದಿಲ್ಲ. ಸಿಮೆಂಟಿನ ಕೆಲಸಕ್ಕೆ ಕನಿಷ್ಠ ಏಳು ದಿನವಾದರೂ ನೀರುಣಿಸಬೇಕು; ಇಲ್ಲದಿದ್ದರೆ ಅದು ಗಟ್ಟಿಯಾಗುವುದಿಲ್ಲ. ಮೂರನೆಯ ದಿನಕ್ಕೇ ನಿಲ್ಲಿಸಿದರೆ ಆ ಹೊತ್ತಿಗೆ ಯಾರಿಗೂ ತಿಳಿಯುವುದಿಲ್ಲ. “ಇಲ್ಲಿ ಯಾರು ಬಂದು ನೋಡುತ್ತಾರೆ, ಮೇಸ್ತ್ರಿಯವರೇ?” ಎಂದು ನಾನು ವಿನೋದಕ್ಕೆ ಕೇಳಿದೆ. “ಯಾರೂ ನೋಡೋದಿಲ್ಲ ಫಾದರ್, ಆದ್ರೆ ಗೋಡೆಗೆ ಗೊತ್ತಾಗುತ್ತೆ” ಎಂದರು ಅವರು. ಅವರು ನಮ್ಮ ಮತಕ್ಕೆ ಸೇರಿದವರಲ್ಲ, ಹೆಚ್ಚು ಓದಿದವರೂ ಅಲ್ಲ. ಆದರೆ ಅಂತಃಸಾಕ್ಷಿಯನ್ನು ಕುರಿತು ಗುರುಮಠದಲ್ಲಿ ನಾವು ವರ್ಷಗಟ್ಟಲೆ ಓದಿದ ಗ್ರಂಥಗಳ ಸಾರ ಆ ಒಂದು ಮಾತಿನಲ್ಲಿತ್ತು.

ದುಡಿಯುವವನ ಕರ್ತವ್ಯವನ್ನು ಹೇಳಿ, ದುಡಿಸುವವನ ಕರ್ತವ್ಯವನ್ನು ಹೇಳದಿದ್ದರೆ ಉಪದೇಶ ಅರ್ಧವಾಗುತ್ತದೆ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ಕಾರ್ಮಿಕರ ಸ್ಥಿತಿಗತಿಗಳನ್ನು ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ ಈ ವಿಷಯವನ್ನು ನಿಸ್ಸಂದೇಹವಾಗಿ ಹೇಳಿದರು. ಕೂಲಿಯವನು ಒಪ್ಪಿಕೊಂಡನೆಂಬ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ. ಮಿತವಾಗಿ ಬದುಕುವವನ ಜೀವನಕ್ಕೆ ಅದು ಸಾಲುವಂತಿರಬೇಕು. ಹಸಿದವನು ಯಾವುದಕ್ಕೂ ಒಪ್ಪಿಕೊಳ್ಳುತ್ತಾನೆ. ಆ ಒಪ್ಪಿಗೆಯನ್ನು ಹಿಡಿದುಕೊಂಡು ನಾವು ನಿರಪರಾಧಿಗಳೆನ್ನುವಂತಿಲ್ಲ. 1955ರಲ್ಲಿ ಹನ್ನೆರಡನೆಯ ಪಯಸ್‌ರವರು ಮೇ ಒಂದನೆಯ ದಿನವನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನಾಗಿ ಮಾಡಿದರು. ತಮ್ಮ ಯೌವನದಲ್ಲಿ ಪೋಲೆಂಡಿನ ಕಲ್ಲುಗಣಿಯಲ್ಲಿಯೂ ರಾಸಾಯನಿಕ ಕಾರ್ಖಾನೆಯಲ್ಲಿಯೂ ಕೂಲಿಯಾಗಿ ದುಡಿದಿದ್ದ ಎರಡನೆಯ ಜಾನ್ ಪೌಲರು 1981ರಲ್ಲಿ ಮಾನವನ ದುಡಿಮೆಯನ್ನು ಕುರಿತೇ ಒಂದು ವಿಶ್ವಪತ್ರವನ್ನು ಬರೆದರು. ದುಡಿಮೆಗಾಗಿ ಮನುಷ್ಯನಿಲ್ಲ, ಮನುಷ್ಯನಿಗಾಗಿ ದುಡಿಮೆಯಿದೆ ಎಂಬುದು ಅದರ ತಿರುಳು. ನಮ್ಮ ಮನೆಯ ಮುಸುರೆ ತಿಕ್ಕುವ ಹೆಂಗಸು ಜ್ವರ ಬಂದು ಎರಡು ದಿನ ಬಾರದಿದ್ದರೆ ಸಂಬಳ ಮುರಿಯುವ ನಾವು, ನಮಗೆ ರಜೆಯ ಸಂಬಳ ಬಾರದಿದ್ದರೆ ಸುಮ್ಮನಿರುತ್ತೇವೆಯೇ? ಎರಡು ಬಗೆಯ ಬಟ್ಟುಗಳನ್ನು ಚೀಲದಲ್ಲಿ ಇಟ್ಟುಕೊಳ್ಳಬಾರದೆಂದು ಧರ್ಮೋಪದೇಶಕಾಂಡವು ನಿಷೇಧಿಸಿರುವುದು ಇದನ್ನೇ.

ಈಗ ನೀವು ನನ್ನನ್ನು ಕೇಳಬಹುದಾದ ಆಕ್ಷೇಪಗಳಿಗೆ ಬರುತ್ತೇನೆ.

ಮೊದಲನೆಯದು: “ನನಗೆ ಸಿಗುವ ಸಂಬಳ ಕಡಿಮೆ, ಆದ್ದರಿಂದ ಸ್ವಲ್ಪ ಮೇಲುಸಂಪಾದನೆ ಮಾಡಿಕೊಂಡರೆ ಅದು ನನ್ನ ಹಕ್ಕೇ ಅಲ್ಲವೇ?” ಇದು ಹೊಸ ಪ್ರಶ್ನೆಯಲ್ಲ. ಹದಿನೇಳನೆಯ ಶತಮಾನದ ಯೂರೋಪಿನಲ್ಲಿ ಕೆಲವು ನೀತಿಶಾಸ್ತ್ರಜ್ಞರು, ಮನೆಯಾಳು ತನ್ನ ದುಡಿಮೆಗೆ ಕೊಡುವ ಸಂಬಳ ಸಾಲದೆಂದು ತಾನೇ ಎಣಿಸಿದರೆ ಯಜಮಾನನ ವಸ್ತುವನ್ನು ಗುಟ್ಟಾಗಿ ತೆಗೆದುಕೊಂಡು ಸರಿದೂಗಿಸಿಕೊಳ್ಳಬಹುದು ಎಂದು ವಾದಿಸಿದ್ದರು. 1679ರಲ್ಲಿ ಹನ್ನೊಂದನೆಯ ಇನೊಸೆಂಟ್ ಜಗದ್ಗುರುಗಳ ಕಾಲದಲ್ಲಿ ಧರ್ಮಸಭೆಯು ಆ ವಾದವನ್ನು ಖಂಡಿಸಿತು. ಕಾರಣ ಸ್ಪಷ್ಟವಾಗಿದೆ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾದವನು ತನಗೆ ಎಂದೂ ಕಡಿಮೆ ತೀರ್ಪು ಕೊಟ್ಟುಕೊಳ್ಳುವುದಿಲ್ಲ. ಸಂಬಳ ಕಡಿಮೆಯಾದರೆ ಕೇಳಬೇಕು, ಸಂಘ ಕಟ್ಟಬೇಕು, ಹೋರಾಡಬೇಕು. ಅದೂ ಒಂದು ಧರ್ಮವೇ. ಆದರೆ ಗುಟ್ಟಾಗಿ ತೆಗೆದದ್ದು ಕಳವು. ಅದರಲ್ಲಿಯೂ ಇಂದಿನ ಕಛೇರಿಗಳಲ್ಲಿ ಆ ಮೇಲುಸಂಪಾದನೆಯನ್ನು ತೆರುವವನು ಸಂಬಳ ನಿಗದಿ ಮಾಡಿದ ಯಜಮಾನನಲ್ಲ, ಪಹಣಿಗಾಗಿ, ಪಿಂಚಣಿಗಾಗಿ ಬಂದು ಬಾಗಿಲಲ್ಲಿ ನಿಂತ ಮುದುಕಿ.

ಎರಡನೆಯದು: “ಕೊಡದಿದ್ದರೆ ಕೆಲಸವೇ ಆಗುವುದಿಲ್ಲವಲ್ಲ ಸ್ವಾಮಿ, ನಾವೇನು ಮಾಡೋಣ?” ಈ ಪ್ರಶ್ನೆಯನ್ನು ಕೇಳುವವರ ಸಂಕಟ ನನಗೆ ತಿಳಿದಿದೆ. ತನಗೆ ಸಲ್ಲಬೇಕಾದುದನ್ನು ಪಡೆಯಲು ಒತ್ತಾಯಕ್ಕೆ ಸಿಕ್ಕಿ ಕೊಡುವವನಿಗೂ, ಮತ್ತೊಬ್ಬನಿಗೆ ಸಲ್ಲಬೇಕಾದುದನ್ನು ತಾನು ಕಬಳಿಸಲು ಕೊಡುವವನಿಗೂ ವ್ಯತ್ಯಾಸವಿದೆ. ಮೊದಲನೆಯವನು ಸುಲಿಗೆಗೆ ಒಳಗಾದವನು, ಎರಡನೆಯವನು ಸುಲಿಗೆಯಲ್ಲಿ ಪಾಲುದಾರನು. ಆದರೆ ಮೊದಲನೆಯವನೂ ಕೈಕಟ್ಟಿ ಕೂರಬೇಕಾಗಿಲ್ಲ. ನಿಗದಿತ ದಿನಗಳೊಳಗೆ ಸೇವೆ ಒದಗಿಸಬೇಕೆಂದು ವಿಧಿಸುವ ಶಾಸನವನ್ನು ನಮ್ಮ ರಾಜ್ಯವು 2011ರಲ್ಲಿಯೇ ಮಾಡಿದೆ. ಸಕಾಲ ಎಂದು ಅದು ಪ್ರಸಿದ್ಧವಾಗಿದೆ. ಅರ್ಜಿಗೆ ಸ್ವೀಕೃತಿ ಪಡೆಯಿರಿ, ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ, ತಡವಾದರೆ ಮೇಲ್ಮನವಿ ಸಲ್ಲಿಸಿರಿ. 2005ರ ಮಾಹಿತಿ ಹಕ್ಕು ಅಧಿನಿಯಮವಿದೆ. ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ಆದ ತಿದ್ದುಪಡಿಯ ಪ್ರಕಾರ ಲಂಚ ಕೊಡುವುದೂ ಅಪರಾಧ. ಆದರೆ ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಅವನಿಗೆ ರಕ್ಷಣೆಯಿದೆ. ಒಬ್ಬೊಬ್ಬರಾಗಿ ಹೋದರೆ ಭಯವಾಗುತ್ತದೆ. ಹತ್ತು ಮಂದಿ ಒಟ್ಟಾಗಿ ಹೋಗಿರಿ. ನಮ್ಮ ಧರ್ಮಕೇಂದ್ರದ ಯುವಕರು ವಾರಕ್ಕೊಂದು ಸಂಜೆ ಕುಳಿತು ಓದುಬರಹ ಬಾರದವರಿಗೆ ಅರ್ಜಿ ಬರೆದುಕೊಟ್ಟರೆ ಅದು ಈ ಶತಮಾನೋತ್ಸವದ ದೀಪಾಲಂಕಾರಕ್ಕಿಂತ ಹೆಚ್ಚು ಬೆಳಕು ಕೊಟ್ಟೀತು.

ಮೂರನೆಯದು: “ಪ್ರಾಮಾಣಿಕನಾಗಿದ್ದರೆ ಬದುಕಲು ಸಾಧ್ಯವೇ?” ಈ ಪ್ರಶ್ನೆಗೆ ಸುಲಭವಾದ ಉತ್ತರ ಕೊಟ್ಟು ನಿಮ್ಮನ್ನು ವಂಚಿಸಲಾರೆ. ಪ್ರಾಮಾಣಿಕತೆಗೆ ಬೆಲೆ ತೆರಬೇಕಾಗುತ್ತದೆ. ಒಮ್ಮೊಮ್ಮೆ ಆ ಬೆಲೆ ಘೋರವಾದುದು. ನಮ್ಮ ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಬೆಳೆದ ಷಣ್ಮುಗಂ ಮಂಜುನಾಥ್ ಎಂಬ ತರುಣನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಲಖನೌದಲ್ಲಿ ಆಡಳಿತಶಾಸ್ತ್ರ ಓದಿ, ತೈಲ ಕಂಪನಿಯ ಅಧಿಕಾರಿಯಾಗಿ ಉತ್ತರಪ್ರದೇಶದಲ್ಲಿ ಕೆಲಸಕ್ಕಿದ್ದನು. ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿಗೆ ಬೀಗಮುದ್ರೆ ಹಾಕಿಸಿದ್ದಕ್ಕಾಗಿ, 2005ರ ನವೆಂಬರ್ 19ರಂದು ಲಖೀಂಪುರ ಖೇರಿ ಜಿಲ್ಲೆಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಅವನಿಗೆ ಆಗ 27 ವರ್ಷ. 2007ರಲ್ಲಿ ನ್ಯಾಯಾಲಯವು ಅಪರಾಧಿಗಳಿಗೆ ಶಿಕ್ಷೆ ವಿಧಿಸಿತು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಆದರೆ ತಂದೆತಾಯಿಗಳಿಗೆ ಮಗನು ಮರಳಿ ಬರಲಿಲ್ಲ. ಪೆಟ್ರೋಲಿನಲ್ಲಿ ಸೀಮೆಎಣ್ಣೆ ಬೆರೆಸುವುದು ಎಲ್ಲರೂ ಕಣ್ಣುಮುಚ್ಚಿಕೊಳ್ಳುವ ಸಣ್ಣ ವಿಷಯವೆಂದು ಅವನು ಭಾವಿಸಲಿಲ್ಲ. ಅಂಥವನು ಒಂಟಿಯಾದುದರಿಂದ ಸತ್ತನು. ಪ್ರಾಮಾಣಿಕನನ್ನು ಒಂಟಿಯಾಗಿ ಬಿಡುವ ಸಮಾಜವು ಅವನ ರಕ್ತಕ್ಕೆ ಹೊಣೆಗಾರ. “ನೀನೊಬ್ಬನೇ ಏಕೆ ಊರು ಉದ್ಧಾರ ಮಾಡಲು ಹೋಗುತ್ತೀಯಪ್ಪಾ?” ಎಂದು ನಮ್ಮ ಮಕ್ಕಳಿಗೆ ಬುದ್ಧಿ ಹೇಳುವಾಗ ಈ ಮಾತು ನಮ್ಮ ನೆನಪಿನಲ್ಲಿರಲಿ.

ಮಕ್ಕಳ ಮಾತು ಬಂದುದರಿಂದ ಇನ್ನೊಂದು ಸಂಗತಿ. 2021ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದಲ್ಲಿ 545 ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮಗಳು ಹೊರಬಿದ್ದು 2022ರ ಏಪ್ರಿಲಿನಲ್ಲಿ ಅದನ್ನು ರದ್ದುಪಡಿಸಬೇಕಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನ್ಯಾಯವಾಗಿ ಓದಿ ಬರೆದಿದ್ದ ಬಡ ಮಕ್ಕಳ ಎರಡು ವರ್ಷಗಳನ್ನು ಯಾರು ಹಿಂದಿರುಗಿಸಿಕೊಡುವರು? ಕಳ್ಳರನ್ನು ಹಿಡಿಯಬೇಕಾದ ಹುದ್ದೆಗೇ ಕಳ್ಳದಾರಿಯಲ್ಲಿ ನುಗ್ಗುವ ಮನಸ್ಸು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಬಾಗಿಲಿಗೆ ಬಂದವರಿಗೆ “ಅಪ್ಪ ಮನೆಯಲ್ಲಿಲ್ಲ ಎಂದು ಹೇಳು” ಎಂದು ಮಗುವಿನ ಬಾಯಲ್ಲಿ ಹೇಳಿಸಿದ ದಿನ ಅದರ ಬೀಜ ಬಿದ್ದಿರುತ್ತದೆ. ಬಸ್ಸಿನಲ್ಲಿ ಮಗುವಿನ ವಯಸ್ಸನ್ನು ಕಡಿಮೆ ಹೇಳಿ ಅರ್ಧ ಟಿಕೇಟು ಕೊಂಡ ದಿನ ಅದು ಮೊಳೆಯುತ್ತದೆ. ಮಕ್ಕಳು ನಮ್ಮ ಉಪದೇಶವನ್ನು ಕಿವಿಯಿಂದ ಕೇಳುತ್ತಾರೆ, ನಮ್ಮ ನಡತೆಯನ್ನು ಕಣ್ಣಿನಿಂದ ಕಲಿಯುತ್ತಾರೆ.

ಸಂತ ಲೂಕನು ಬರೆದ ಶುಭಸಂದೇಶದಲ್ಲಿ ಒಂದು ಪ್ರಸಂಗವಿದೆ. ಸ್ನಾನಿಕ ಯೊವಾನ್ನನ ಬಳಿಗೆ ಸುಂಕ ವಸೂಲಿ ಮಾಡುವವರೂ ಸೈನಿಕರೂ ಬಂದು ತಾವೇನು ಮಾಡಬೇಕೆಂದು ಕೇಳುತ್ತಾರೆ. ಉದ್ಯೋಗ ಬಿಟ್ಟು ಅರಣ್ಯಕ್ಕೆ ಬನ್ನಿರಿ ಎಂದು ಅವನು ಹೇಳುವುದಿಲ್ಲ. ನಿಗದಿಯಾದುದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿರಿ, ಬೆದರಿಸಿ ಹಣ ಕೀಳಬೇಡಿರಿ ಎಂದಷ್ಟೇ ಹೇಳುತ್ತಾನೆ. ಅಂದರೆ ಸಂತರಾಗಲು ನಾವು ನಮ್ಮ ಅಂಗಡಿಯನ್ನೂ ಕುರ್ಚಿಯನ್ನೂ ಬಿಟ್ಟು ಓಡಬೇಕಾಗಿಲ್ಲ. ಅಲ್ಲಿಯೇ ಕುಳಿತು ನೆಟ್ಟಗೆ ಕೆಲಸ ಮಾಡಿದರೆ ಸಾಕು.

ಕೊನೆಯದಾಗಿ, ಈ ಸಂದರ್ಭದಲ್ಲಿ ಹೇಳಲೇಬೇಕಾದ ಒಂದು ಮಾತಿದೆ. ಅದು ಕೆಲವರಿಗೆ ಕಹಿಯಾಗಬಹುದು, ಮನ್ನಿಸಬೇಕು. ಅನ್ಯಾಯವಾಗಿ ಪಡೆದುದನ್ನು ಹಿಂದಿರುಗಿಸದೆ ಪಶ್ಚಾತ್ತಾಪವು ಪೂರ್ಣವಾಗುವುದಿಲ್ಲವೆಂಬುದು ಧರ್ಮಸಭೆಯ ಬೋಧನೆ. ಸುಂಕದವನಾದ ಜಕ್ಕಾಯನು ಯೇಸುಸ್ವಾಮಿಯವರ ಮುಂದೆ ಅತ್ತು ಸುಮ್ಮನಾಗಲಿಲ್ಲ. ಮೋಸಮಾಡಿ ತೆಗೆದುದಕ್ಕೆ ನಾಲ್ಕರಷ್ಟು ಕೊಡುವೆನೆಂದನು. ಹಿಂದಿರುಗಿಸುವುದು ಯಾರಿಗೆ? ಯಾರಿಂದ ತೆಗೆದುಕೊಂಡೆವೋ ಅವರಿಗೇ. ಅವರು ತೀರಿಕೊಂಡಿದ್ದರೆ ಅವರ ವಾರಸುದಾರರಿಗೆ. ಯಾರೆಂದು ತಿಳಿಯಲು ಯಾವ ದಾರಿಯೂ ಇಲ್ಲದಿದ್ದಾಗ ಮಾತ್ರ ಬಡವರಿಗೆ. ಪಾಪನಿವೇದನೆ ಕೇಳುವ ಗುರುವಿಗೂ ಈ ಕ್ರಮವನ್ನು ಬದಲಾಯಿಸುವ ಅಧಿಕಾರವಿಲ್ಲ.

ಆದ್ದರಿಂದ ಶತಮಾನೋತ್ಸವದ ನಿಧಿಗೆ ಕಾಣಿಕೆ ಕೊಡಬೇಕೆಂದಿರುವವರಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ನಿಮ್ಮ ತೋಟದ ಆಳಿಗೆ ಕೂಲಿ ಬಾಕಿಯಿದ್ದರೆ ಮೊದಲು ಅದನ್ನು ತೀರಿಸಿರಿ. ತಮ್ಮನ ಪಾಲಿನ ಜಮೀನನ್ನು ನಿಮ್ಮ ಹೆಸರಿಗೆ ಮಾಡಿಕೊಂಡಿದ್ದರೆ ಮೊದಲು ಅದನ್ನು ಬಿಟ್ಟುಕೊಡಿರಿ. ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತಿಸಿರಿ. ಅದಾದ ಮೇಲೆ ಉಳಿದುದರಲ್ಲಿ ಹತ್ತು ರೂಪಾಯಿ ತಂದು ಕೊಟ್ಟರೂ ನಾವು ಎರಡು ಕೈಯೊಡ್ಡಿ ಸ್ವೀಕರಿಸುತ್ತೇವೆ. ಬಾಕಿ ಕೂಲಿಯ ಹಣದಿಂದ ಕೊಂಡ ಗಂಟೆಯ ನಾದಕ್ಕಿಂತ ಗಂಟೆಯಿಲ್ಲದ ದೇವಾಲಯವೇ ಮೇಲು. ಇದೇ ನಿಯಮ ನಮಗೂ ಅನ್ವಯಿಸುತ್ತದೆ. ಉತ್ಸವ ಸಮಿತಿಯು ಸಂಗ್ರಹಿಸಿದ ಪ್ರತಿ ರೂಪಾಯಿಯ ಲೆಕ್ಕವನ್ನೂ, ಚಪ್ಪರದವರಿಗೆ, ಅಡಿಗೆಯವರಿಗೆ, ಮುದ್ರಣಾಲಯಕ್ಕೆ ಸಲ್ಲಬೇಕಾದ ಹಣದ ವಿವರವನ್ನೂ ದೇವಾಲಯದ ಬಾಗಿಲ ಬಳಿ ಹಚ್ಚತಕ್ಕದ್ದು ಎಂದು ನಾವು ತೀರ್ಮಾನಿಸಿದ್ದೇವೆ. ಓದು ಬರುವವರು ಓದಿರಿ; ಬಾರದವರು ಓದಿಸಿ ಕೇಳಿರಿ. ತಪ್ಪು ಕಂಡರೆ ಹೇಳಿರಿ. ಲೆಕ್ಕ ಕೇಳುವುದು ಗುರುಗಳಿಗೆ ಅಗೌರವವೆಂದು ಯಾರೂ ಭಾವಿಸಬಾರದು.

ಪ್ರಿಯ ಬಂಧುಗಳೇ, ನಿಮ್ಮಿಂದ ದೊಡ್ಡ ಪ್ರತಿಜ್ಞೆಗಳನ್ನು ನಾನು ಬೇಡುವುದಿಲ್ಲ. ಈ ರಾತ್ರಿ ಮಲಗುವ ಮುನ್ನ ಒಂದೇ ಒಂದು ಬಾಕಿಯನ್ನು ನೆನಪಿಸಿಕೊಳ್ಳಿರಿ. ಹಣವಾಗಿರಬಹುದು, ವಸ್ತುವಾಗಿರಬಹುದು, ಒಬ್ಬರ ಮೇಲೆ ಹೊರಿಸಿದ ಸುಳ್ಳು ಅಪವಾದವಾಗಿರಬಹುದು. ಹಬ್ಬದ ಎಂಟು ದಿನಗಳು ಮುಗಿಯುವುದರೊಳಗಾಗಿ ಅದನ್ನು ತೀರಿಸಿಬಿಡಿರಿ. ಈ ಧರ್ಮಕೇಂದ್ರದ ಪ್ರತಿಯೊಂದು ಮನೆಯೂ ಒಂದೊಂದು ಬಾಕಿಯನ್ನು ತೀರಿಸಿದರೆ, ಎರಡನೆಯ ಶತಮಾನಕ್ಕೆ ನಾವು ಹಗುರವಾದ ಹೃದಯದಿಂದ ಕಾಲಿಡಬಹುದು.

ದೇವರು ನಿಮ್ಮ ಕೈಗಳ ದುಡಿಮೆಯನ್ನು ಆಶೀರ್ವದಿಸಲಿ.